ಆ ತಗಡಿನ ಸದ್ದು ನನ್ನದೇ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವರ್ಷ ಮೇ ತಿಂಗಳಲ್ಲಿ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ನಮ್ಮ ಊರ ಕಡೆಯ ಹಿರಿಯರೊಬ್ಬರು ಒಂದು ದೂರು ಬರೆದಿದ್ದರು. ಬದಿಯಡ್ಕದ ಹತ್ತಿರದ ಒಂದು ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ, ಯಕ್ಷಗಾನಕ್ಕೆ ಚೌಕಿಯಲ್ಲಿ ಬಣ್ಣ ಹಚ್ಚುತ್ತಿದ್ದ ಹೊತ್ತಿಗೆ, ಯಾರೋ ಪಡ್ಡೆಗಳು ಮಾಡಿದ ಗಿಟಾರಿನ ಸದ್ದನ್ನು ನಾಲ್ಕು ನಿಮಿಷ ಮೈಕಿನಲ್ಲಿ ಹಾಕಿದರಂತೆ. ತಗಡು ಬಡಿದ ಹಾಗಿತ್ತಂತೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದನ್ನೂ ಕೇಳಬೇಕಾಯಿತಲ್ಲ ಎಂದು ನೊಂದುಕೊಂಡಿದ್ದರು. ಈಗ ಕಂಪ್ಯೂಟರಿನ ಗುಂಡಿ ಒತ್ತಿದರೆ ಸಂಗೀತ ತನ್ನಷ್ಟಕ್ಕೇ ಆಗುತ್ತದೆ ಎಂಬ ಮಾತೂ ಕೊನೆಗೆ ಇತ್ತು.

ಆ ತಗಡು ನನ್ನದು ಸ್ವಾಮೀ. ಪಡ್ಡೆ ಮಾತ್ರ ನಾನಲ್ಲ. ನಲವತ್ತು ದಾಟಿತು, ಹಗಲಿಗೆ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ, ಅಡಿಕೆ ತೋಟ ಉಂಟು, ಎಂಟನೇ ಕ್ಲಾಸಿನ ಮಗಳಿದ್ದಾಳೆ. ಉತ್ತರ ಬರೆಯಲು ಹತ್ತು ತಿಂಗಳು ಹಿಡಿದದ್ದಕ್ಕೆ ಕ್ಷಮಿಸಿ. ಆ ಪತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡು, ಮಾತಿಲ್ಲದ, ವಾದ್ಯ ಮಾತ್ರದ ಆ ಮೆಟಲ್ (ಗಡಸು ಗಿಟಾರಿನ ರಾಕ್ ಸಂಗೀತ) ತುಣುಕನ್ನು ಮೊದಲಿಂದ ಪುನಃ ಮಾಡಿ ಮುಗಿಸಿದೆ. ಹಿರಿಯರ ಕಿವಿ ಸರಿಯಾಗಿಯೇ ಇತ್ತು. ತಗಡು ತಗಡೇ. ಆದರೆ ಅದಕ್ಕೆ ಅವರು ಕೊಟ್ಟ ಕಾರಣ ತಪ್ಪು. ಪತ್ರ ಉದ್ದವಾದರೆ ಎಲ್ಲಿ ಬೇಕಾದರೂ ಕತ್ತರಿಸಿ, ಅಂಕಿಗಳನ್ನು ಬಿಡಬೇಡಿ.

ಆ ರಾತ್ರಿ ನಾನು ಹಿಂದಿನ ಸಾಲಿನಲ್ಲಿ ಗೋಳಿಬಜೆ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದೆ. ನನ್ನ ತುಣುಕು ಶುರುವಾಗಿ ಹತ್ತು ಸೆಕೆಂಡಿನಲ್ಲಿ ಬೆವರು ಬಂತು. ಹೆಡ್‌ಫೋನಿನಲ್ಲಿ ಗೋಡೆಯ ಹಾಗೆ ನಿಂತಿದ್ದ ಗಿಟಾರು ಅಲ್ಲಿ ಡಾಲ್ಡಾ ಡಬ್ಬಿಯೊಳಗೆ ಕಡಜ ಸಿಕ್ಕಿಕೊಂಡ ಹಾಗೆ ಕೇಳುತ್ತಿತ್ತು. ಮೈಕ್ ಸೆಟ್ಟಿನವನನ್ನು ಬೈದುಕೊಂಡೆ. ಆಮೇಲೆ ಅದೇ ಕೋಳಾಂಬಿಯಲ್ಲಿ, ಅಂದರೆ ಕಹಳೆಯಾಕಾರದ ಸ್ಪೀಕರಿನಲ್ಲಿ, ಭಾಗವತರು ಏರುಸ್ವರದಲ್ಲಿ ಪದ ಎತ್ತಿದರು, ಚೆಂಡೆ ಬಿತ್ತು. ಒಂದೊಂದು ಅಕ್ಷರ, ಒಂದೊಂದು ಪೆಟ್ಟು ಗುಡ್ಡದಾಚೆಗೂ ಸ್ಪಷ್ಟ. ಮೈಕಿನವನ ತಪ್ಪು ಅಲ್ಲವೆಂದು ಅಲ್ಲಿಗೆ ತೀರ್ಮಾನವಾಯಿತು.

ತಪ್ಪು ಎಲ್ಲೆಲ್ಲಿ ಆಗಿತ್ತು ಎಂದು ಹುಡುಕುವುದಕ್ಕೇ ಒಂದು ತಿಂಗಳು ಹೋಯಿತು.

ದೊಡ್ಡ ತಪ್ಪು ಸೋಮಾರಿತನದ್ದು. ಮೆಟಲಿನಲ್ಲಿ ರಿದಮ್ ಗಿಟಾರು ಎಡಕ್ಕೊಂದು ಬಲಕ್ಕೊಂದು ಇರಬೇಕು, ಆಗಲೇ ಅದಕ್ಕೆ ಅಗಲ. ಅದಕ್ಕಾಗಿ ಅದೇ ರಿಫ್ಫನ್ನು, ಅಂದರೆ ಪುನಃ ಪುನಃ ಬರುವ ಸ್ವರಗಳ ಸಾಲನ್ನು, ಎರಡು ಸಲ ನುಡಿಸಬೇಕು. ನಾನು ಒಂದೇ ಸಲ ನುಡಿಸಿ, ಅದರ ಕಾಪಿ ತೆಗೆದು ಬಲಕ್ಕೆ ಹಾಕಿ, ಕಾಪಿಯನ್ನು 10 ಮಿಲಿಸೆಕೆಂಡು ಹಿಂದಕ್ಕೆ ಸರಿಸಿದೆ. ಹೆಡ್‌ಫೋನಿನಲ್ಲಿ ಅಬ್ಬಾ ಎನ್ನುವಷ್ಟು ಅಗಲ! ಆದರೆ ಜಾತ್ರೆ, ವಾರ್ಷಿಕೋತ್ಸವದ ಮೈಕಿಗೆ ಎಡ ಬಲ ಇಲ್ಲ. ಎರಡೂ ಕೂಡಿ ಒಂದೇ ತಂತಿಯಲ್ಲಿ ಹೋಗುತ್ತದೆ. 50 ಹರ್ಟ್ಸ್‌ನ ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ ಒಂದು ಅಲೆ ಸುತ್ತು ಮುಗಿಸಲು 20 ಮಿಲಿಸೆಕೆಂಡು ಬೇಕು. 10 ತಡವಾದ ಕಾಪಿಯನ್ನು ಅದಕ್ಕೆ ಕೂಡಿಸಿದರೆ ಇದರ ಏರು ಅದರ ಇಳಿತಕ್ಕೆ ಕರಾರುವಾಕ್ಕಾಗಿ ಬಿದ್ದು ಮೊತ್ತ ಸೊನ್ನೆ. 50 ಹೋಯಿತು, 150 ಹೋಯಿತು, 250, 350, ಹೀಗೆ ಮೇಲಿನವರೆಗೆ ಬಾಚಣಿಗೆಯ ಹಲ್ಲಿನ ಹಾಗೆ ಒಂದು ಬಿಟ್ಟು ಒಂದು. ಉಳಿದದ್ದು ತಗಡು. ಲೆಕ್ಕ ಬರೆಯುವವನಿಗೆ ಈ ಲೆಕ್ಕ ಮೊದಲೇ ಹೊಳೆಯಬೇಕಿತ್ತು.

ತಡ ಮಾಡದೆ ಸುಮ್ಮನೆ ಕಾಪಿ ಇಟ್ಟರೂ ಪ್ರಯೋಜನ ಇಲ್ಲ. ಎರಡು ಒಂದೇ ಆದರೆ ಸದ್ದು ನಡುವಿನಲ್ಲೇ ನಿಂತು ಸ್ವಲ್ಪ ಜೋರಾಗುತ್ತದೆ ಅಷ್ಟೆ. ಭಜನೆಗೆ ಕೂರುವವರಿಗೆ ಇದು ಗೊತ್ತಿದ್ದದ್ದೇ. ಹತ್ತು ಜನ ಒಂದೇ ಸಾಲನ್ನು ಹೇಳುವಾಗ ಒಬ್ಬ ಕೂದಲೆಳೆ ಮುಂದೆ, ಒಬ್ಬ ಹಿಂದೆ, ಒಬ್ಬನ ಶ್ರುತಿ ಒಂಚೂರು ಕೆಳಗೆ. ಆ ವ್ಯತ್ಯಾಸದಿಂದಲೇ ಅಂಗಳ ತುಂಬುವುದು. ಹಾಗೆಂದು ವ್ಯತ್ಯಾಸ ಹೆಚ್ಚಾಗಲೂ ಬಾರದು. ನನ್ನ ತುಣುಕಿನ ವೇಗ ನಿಮಿಷಕ್ಕೆ 180 ಬೀಟು. ಒಂದು ಬೀಟಿಗೆ ನಾಲ್ಕು ಪೆಟ್ಟು ಹಾಕಿದರೆ ಒಂದೊಂದು ಪೆಟ್ಟಿಗೆ ಸಿಗುವುದು 83 ಮಿಲಿಸೆಕೆಂಡು. ಅದರಲ್ಲಿ 20 ಅತ್ತಿತ್ತ ಆದರೆ ಎರಡು ಗಿಟಾರುಗಳು ಬಸ್ಸಿಗೆ ಓಡುವವರ ಹಾಗೆ ಕೇಳುತ್ತವೆ. ಬಲಗೈಯ ಮಣಿಕಟ್ಟಿಗೆ ಅಮೃತಾಂಜನ ಹಚ್ಚಿಕೊಂಡು ಜೂನ್ ಜುಲೈ ಪೂರ್ತಿ ನುಡಿಸಿದೆ. ನಾಲ್ಕು ಪದರವೂ ಮಾಡಿ ನೋಡಿದೆ, ಸದ್ದು ದಪ್ಪವಾಗುವ ಬದಲು ಪೆಟ್ಟಿನ ಮೊನೆ ಬೋಳಾಯಿತು. ಎರಡಕ್ಕೇ ವಾಪಸು ಬಂದೆ.

ಗುಂಡಿ ಒತ್ತಿದರೆ ಆಗುತ್ತದೆ ಎಂಬ ಮಾತಿಗೆ ನನ್ನ ಉತ್ತರ ಇಷ್ಟು: ಗುಂಡಿ ಒತ್ತಿಯೇ ಮಾಡಿದ್ದೆ. ಅದಕ್ಕೇ ತಗಡಾದದ್ದು.

ಇನ್ನೊಂದು ತಪ್ಪು ಆಸೆಬುರುಕತನದ್ದು. ಡಿಸ್ಟಾರ್ಷನ್ ಹೆಚ್ಚಿಸುವ ಗೇನ್ ಎಂಬ ತಿರುಪನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದೆ. ಡಿಸ್ಟಾರ್ಷನ್ ಅಂದರೆ ಅಲೆಯ ತಲೆಯನ್ನು ಚಪ್ಪಟೆ ಕತ್ತರಿಸುವುದು. ಕತ್ತರಿಸಿದಾಗ ಮೂಲದಲ್ಲಿ ಇಲ್ಲದ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ಇದರಲ್ಲಿ ಒಂದು ಚಂದ ಉಂಟು, ಸಂಗೀತ ಗೊತ್ತಿರುವ ಓದುಗರು ಗಮನಿಸಬೇಕು. ಮೆಟಲಿನವರು ಪವರ್ ಕಾರ್ಡ್ ಎನ್ನುವುದು ಬೇರೇನಲ್ಲ, ನಮ್ಮ ಷಡ್ಜ ಪಂಚಮ. ಶ್ರುತಿಪೆಟ್ಟಿಗೆಯಲ್ಲಿ ಇರುವುದೇ. ನನ್ನ ದಪ್ಪ ತಂತಿಯನ್ನು ಇಳಿಸಿ ಮಂದ್ರದ ಸಿ ಸ್ವರಕ್ಕೆ ಕಟ್ಟಿದ್ದೇನೆ, 65.4 ಹರ್ಟ್ಸ್. ಅದರ ಪಂಚಮ 98. ಎರಡನ್ನೂ ಒಟ್ಟಿಗೆ ಡಿಸ್ಟಾರ್ಷನ್ನಿಗೆ ಹಾಕಿದರೆ ಅವುಗಳ ವ್ಯತ್ಯಾಸ, ಸುಮಾರು 33, ಅಂದರೆ ಇನ್ನೂ ಒಂದು ಸ್ಥಾಯಿ ಕೆಳಗಿನ ಷಡ್ಜ, ತಾನಾಗಿ ಹುಟ್ಟುತ್ತದೆ. ಯಾರೂ ಮೀಟದ ಸ್ವರ! ಪಂಚಮದ ಬದಲು ಗಾಂಧಾರ ಸೇರಿಸಿ, ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದದೆ ಕೆಸರು ಗದ್ದೆ. ಹೀಗಾಗಿ ಈ ಸಂಗೀತದವರು ಷಡ್ಜ ಪಂಚಮಕ್ಕೆ ಅಂಟಿಕೊಂಡದ್ದು. ಆದರೆ ಗೇನ್ ಅತಿಯಾದರೆ ಜೋರು ಮೆಲ್ಲ ಎಂಬ ಭೇದವೇ ಅಳಿಸಿಹೋಗಿ, ಮೇಲೆ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗಿನ ಚುರುಚುರು ಮಾತ್ರ ಉಳಿಯುತ್ತದೆ. ಈಗ ಅರ್ಧಕ್ಕಿಂತ ಕೆಳಗೆ ಇಟ್ಟಿದ್ದೇನೆ. ಕೈಯ ಪೆಟ್ಟೇ ಭಾರ ತರಬೇಕು. ಇದನ್ನು ನಂಬಲು ನನಗೆ ಹದಿನೈದು ವರ್ಷ ಬೇಕಾಯಿತು.

ಕೊನೆಯ ತಪ್ಪೇ ಆ ರಾತ್ರಿ ಮಾನ ಕಳೆದದ್ದು. ಒಬ್ಬನೇ ಕುಳಿತು ಕೇಳುವಾಗ ಗಿಟಾರಿನ ಕೆಳಸ್ವರ ಏರಿಸಿ, ಮೇಲ್ಸ್ವರ ಏರಿಸಿ, ನಡುವಿನದ್ದನ್ನು ಗುಂಡಿ ತೋಡಿದ ಹಾಗೆ ತೆಗೆದರೆ ಭಾರೀ ಗಂಭೀರವಾಗಿ ಕೇಳುತ್ತದೆ. ನಾನು ಹಾಗೆಯೇ ಮಾಡಿದ್ದೆ. ಕೋಳಾಂಬಿ ಮೈಕಿಗೆ ಬರುವುದು ನಡುವಿನ ಸ್ವರಗಳು ಮಾತ್ರ. ಅಡಿಯ ಗುಡುಗು ಅದರಿಂದ ಹೊರಡುವುದೇ ಇಲ್ಲ. ನಾನು ತೆಗೆದು ಬಿಸಾಡಿದ ಭಾಗವನ್ನೇ ಅದು ನುಡಿಸಬೇಕಿತ್ತು. ಭಾಗವತರ ಕಂಠ, ಚೆಂಡೆಯ ಕೋಲಿನ ಪೆಟ್ಟು ಇರುವುದು ಆ ನಡುವಿನಲ್ಲಿ, ಆದ್ದರಿಂದ ಅವರು ಗುಡ್ಡ ದಾಟಿದರು, ನಾನು ಗೋಳಿಬಜೆಯ ಅಂಗಡಿಯನ್ನೂ ದಾಟಲಿಲ್ಲ. ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗಿನ ಈ ಪಾಠ ನನಗೆ ಸಿಕ್ಕಿದ್ದು ತೆಂಕುತಿಟ್ಟಿನ ಹಿಮ್ಮೇಳದಿಂದ ಎಂದರೆ ದೂರು ಬರೆದ ಹಿರಿಯರಿಗೆ ಸ್ವಲ್ಪ ಸಮಾಧಾನ ಆಗಬಹುದು.

ಹೊಸ ಸಲ ಕೆಲಸ ಮಾಡಿದ ಬಗೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದಕ್ಕೆ ಕಾಸರಗೋಡಿನ ಹವೆಯೂ ಪಾಲುದಾರ. ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು. ನಮ್ಮದು ಹಂಚಿನ ಮಾಡು. ಜೂನಿನಿಂದ ಸೆಪ್ಟೆಂಬರಿನವರೆಗೆ ಕೋಣೆಯಲ್ಲಿ ಮೈಕ್ ಇಟ್ಟರೆ ಅದರಲ್ಲಿ ದಾಖಲಾಗುವುದು ಹಂಚಿನ ಮೇಲಿನ ಮಳೆ. ಆದ್ದರಿಂದ ಮಳೆಗಾಲದಲ್ಲಿ ಗಿಟಾರನ್ನು ನೇರ ಇಂಟರ್‌ಫೇಸಿಗೆ (ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ) ಚುಚ್ಚಿ, ಬರಿಯ ತಂತಿಯ ಸದ್ದನ್ನಷ್ಟೇ ಲ್ಯಾಪ್‌ಟಾಪಿಗೆ ತುಂಬಿಸಿಟ್ಟೆ. ಡಿಐ ಎನ್ನುತ್ತಾರೆ ಇದಕ್ಕೆ. ಅಕ್ಕಿ ಮುಡಿ ಕಟ್ಟಿ ಅಟ್ಟದಲ್ಲಿ ಇಟ್ಟಂತೆ, ಬೇಕಾದಾಗ ತೆಗೆದು ಬೇಯಿಸಬಹುದು. ಚುಚ್ಚುವಾಗ ಗಿಟಾರಿಗೆಂದೇ ಇರುವ ಇನ್‌ಪುಟ್ಟನ್ನು ಆರಿಸಬೇಕು, ಅದರ ಪ್ರತಿರೋಧ 1 ಮೆಗಾಓಮಿನ ಆಸುಪಾಸು. ಮೈಕಿನ ಅಥವಾ ಲೈನಿನ ಆಯ್ಕೆಯಲ್ಲೇ ಬಿಟ್ಟರೆ ಮೇಲ್ಸ್ವರ ಮಂಕಾಗಿ, ಕಂಬಳಿ ಹೊದೆಸಿದ ಹಾಗೆ ಇರುತ್ತದೆ. ಮೊದಲ ಎರಡು ವಾರ ಹಾಗೆಯೇ ಹಾಳುಮಾಡಿದೆ.

ಶೀತದ ಗಾಳಿಗೆ ತಂತಿ ತುಕ್ಕು ಹಿಡಿಯುವ ಕಥೆ ಬೇಡ, ಕಾಸರಗೋಡಿನಲ್ಲಿ ಕಬ್ಬಿಣದ ಯಾವ ಸಾಮಾನಿಗೂ ಅದೇ ಗತಿ.

ಕರೆಂಟಿನ ಕಥೆ ಮಾತ್ರ ಹೇಳಲೇಬೇಕು. ನಮ್ಮ ಮನೆಯ ಕರೆಂಟು 50 ಹರ್ಟ್ಸ್‌ನದ್ದು. ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಂತಿಯ ಸುರುಳಿ, ಸುತ್ತಮುತ್ತಲಿನ ವೈರಿಂಗಿನ ಗುಂಯ್ ಎಂಬ ಸದ್ದನ್ನೂ ಅದು ಹೀರಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೆಥ್ ಲವರ್ ಇದಕ್ಕೆಂದೇ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ, ಒಂದರ ಗುಂಯ್ ಇನ್ನೊಂದರದ್ದನ್ನು ನುಂಗುವಂತೆ ಮಾಡಿ, 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಅದೇ ಹಂಬಕರ್. ನನ್ನ ಗಿಟಾರಿನಲ್ಲೂ ಅದೇ ಇರುವುದು. ಆದರೂ ತೋಟದ ಪಂಪು ಓಡುವಾಗ, ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದಾಗ ಗುಂಯ್ ಬಂದೇ ಬರುತ್ತದೆ, ಡಿಸ್ಟಾರ್ಷನ್ ಅದನ್ನು ದೊಡ್ಡದು ಮಾಡುತ್ತದೆ. ಜುಲೈಯ ಒಂದು ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಲ್ಯಾಪ್‌ಟಾಪಿನಲ್ಲಿ ಎರಡು ಗಂಟೆಗಾಗುವಷ್ಟು ಬ್ಯಾಟರಿ, ಇಂಟರ್‌ಫೇಸಿಗೆ ಯುಎಸ್‌ಬಿಯಿಂದಲೇ ಶಕ್ತಿ. ಹೆಡ್‌ಫೋನ್ ಹಾಕಿದರೆ ಗುಂಯ್ ಪೂರ್ತಿ ಮಾಯ. ಊರಿಗೆ ಊರೇ ಕತ್ತಲು, ನನ್ನ ಕಿವಿಯಲ್ಲಿ ಮಾತ್ರ ತೊಳೆದಿಟ್ಟ ಹಾಗಿನ ಗಿಟಾರು. ಈಗಿನ ತುಣುಕಿನ ಎಡಬದಿಯ ಗಿಟಾರು ಪೂರ್ತಿ ಆ ರಾತ್ರಿಯದ್ದು. ಮರುದಿನ ಊರವರೆಲ್ಲ ಲೈನ್‌ಮ್ಯಾನನಿಗಾಗಿ ಕಾಯುತ್ತಿದ್ದರು, ನಾನೊಬ್ಬ ಇನ್ನೊಂದು ರಾತ್ರಿ ತಡವಾಗಲಿ ಎಂದು ಹಾರೈಸುತ್ತಿದ್ದೆ. ಇದನ್ನು ಓದಿ ನೆರೆಯವರು ಬೈಯಲಿ.

ನವರಾತ್ರಿಯ ಆಯುಧಪೂಜೆಗೆ ಅಮ್ಮ ಕತ್ತಿ, ಹಾರೆ, ಸ್ಕೂಟರಿನ ಜೊತೆಗೆ ನನ್ನ ಆಂಪ್ಲಿಫೈಯರಿನ ಸ್ಪೀಕರ್ ಮುಚ್ಚಿದ ಬಟ್ಟೆಗೂ ಒಂದು ಕುಂಕುಮದ ಬೊಟ್ಟು ಇಟ್ಟರು. ಡಿಸೆಂಬರಿನಲ್ಲಿ ಆಕಾಶ ತೆರವಾದ ಮೇಲೆ, ಉಳಿಸಿಟ್ಟ ಡಿಐಯನ್ನು ಆ ಆಂಪ್ಲಿಫೈಯರಿನ ಮೂಲಕ ನುಡಿಸಿ ಮುಂದೆ ಮೈಕ್ ಇಟ್ಟೆ. ಮೈಕ್ ಶೂರ್ ಎಸ್‌ಎಂ57, 1965ರಿಂದ ಬರುತ್ತಿರುವ ಮಾದರಿ, ಹಳೇ ಅಂಬಾಸಿಡರ್ ಕಾರಿನಂಥ ಗಟ್ಟಿ ಸಾಮಾನು. ಹನ್ನೆರಡು ಇಂಚಿನ ಸ್ಪೀಕರಿನ ನಟ್ಟ ನಡುವಿಗೆ ಮೈಕ್ ಹಿಡಿದರೆ ಸದ್ದು ಕಣ್ಣಿಗೆ ಟಾರ್ಚ್ ಬಿಟ್ಟ ಹಾಗೆ ಪ್ರಖರ. ಅಂಚಿನ ಕಡೆಗೆ ಸರಿಸಿದಂತೆ ಮಬ್ಬು. ಒಂದಿಂಚು ಸರಿಸಿದರೆ ಆಗುವ ಬದಲಾವಣೆಯನ್ನು ಕಂಪ್ಯೂಟರಿನ ಯಾವ ತಿರುಪೂ ಸರಿಯಾಗಿ ಮಾಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ನಾನು ಕೂಗುವುದು, ಮಗಳು ಮೈಕನ್ನು ಬೆರಳಗಲ ಸರಿಸುವುದು. ಸಂಜೆಯಿಡೀ ಸರಿಸಿ ಕೊನೆಗೆ ಸರಿಯಾದ ಜಾಗ ಸಿಕ್ಕಾಗ ಅವಳು ನಗುತ್ತಾ ಬಂದು ಕರೆದಳು. ಮೈಕಿನ ಮೂತಿ ಇದ್ದದ್ದು ಅಜ್ಜಿಯ ಬೊಟ್ಟಿನ ಎದುರು. ಅಂದಿನಿಂದ ಅಳತೆಗೋಲು ಬೇಕಿಲ್ಲ, ಬೊಟ್ಟಿಗೆ ಹಿಡಿದರೆ ಸಾಕು.

ಆಂಪ್ಲಿಫೈಯರಿಗೆ ಮೊದಲು ಹಸಿರು ಬಣ್ಣದ ಒಂದು ಟ್ಯೂಬ್ ಸ್ಕ್ರೀಮರ್ ಪೆಡಲ್ ಉಂಟು. ಅದರ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಅದು 720 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಮೆಲ್ಲ ಇಳಿಸಿ ನಡುವನ್ನು ಮುಂದೆ ನೂಕುತ್ತದೆ, ಆಗ ಡಿಸ್ಟಾರ್ಷನ್ನಿಗೆ ಹೋಗುವ ಮೊದಲೇ ಕೆಸರು ಸೋಸಿರುತ್ತದೆ. ಮಿಕ್ಸಿಂಗಿನಲ್ಲಿ ಗಿಟಾರಿನ 80ಕ್ಕಿಂತ ಕೆಳಗಿನದ್ದನ್ನು ಕತ್ತರಿಸಿದೆ. ಅಂದರೆ ಕಷ್ಟಪಟ್ಟು ಇಳಿಸಿ ಕಟ್ಟಿದ ಮಂದ್ರ ಷಡ್ಜದ ಬುಡವನ್ನೇ ಬಾಸ್ ಗಿಟಾರಿಗೆ ಬಿಟ್ಟುಕೊಟ್ಟೆ. ಹೊಟ್ಟೆ ಉರಿಯಿತು. ಆದರೆ ಬಾಸ್ ಸೇರಿದ ಕೂಡಲೇ ಗಿಟಾರು ಮೊದಲಿಗಿಂತ ದಪ್ಪ ಕೇಳಿಸಿತು, ಆ ದಪ್ಪ ಬಾಸಿನದ್ದು ಎಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ಮೇಲೆ 9000ದ ಆಸುಪಾಸಿನಿಂದ ಆಚೆಗೂ ಕತ್ತರಿ. ಹಾಡುವವರಿಲ್ಲದ ಕಾರಣ ಲೀಡ್ ಗಿಟಾರೇ ಇಲ್ಲಿ ಭಾಗವತ. ಅವನನ್ನು ನಡುವಿನಲ್ಲಿ ಕೂರಿಸಿ, ಅವನು ಬಾಯಿ ತೆರೆದಾಗ ಎಡಬಲದವರು 2 ಡೆಸಿಬೆಲ್ ತಗ್ಗುವಂತೆ ಮಾಡಿದೆ. ಆ ಲೀಡಿನ ಸ್ವರಗಳನ್ನು ಪಾಶ್ಚಾತ್ಯ ಸಂಗೀತದ ಪುಸ್ತಕದಲ್ಲಿ ಫ್ರಿಜಿಯನ್ ಎಂದು ಬರೆಯುತ್ತಾರೆ. ಸಂಗೀತ ಕ್ಲಾಸಿಗೆ ಹೋಗುವ ಮಗಳು ಕೇಳಿ, ಅಪ್ಪಾ ಇದು ತೋಡಿಯ ಸ್ವರ ಅಲ್ವಾ ಎಂದಳು. ಹೌದು, ಸ್ವರಸ್ಥಾನಗಳು ಹನುಮತೋಡಿಯವೇ. ಗಮಕ ಇಲ್ಲದ್ದಕ್ಕೆ ಅವಳ ಟೀಚರು ಒಪ್ಪಲಿಕ್ಕಿಲ್ಲ.

ಈಗ ಅಡಿಕೆಯ ವಿಷಯ. ನನ್ನ ಉಪ್ಪರಿಗೆ ಕೋಣೆಯ ಉದ್ದ 11 ಅಡಿ 3 ಇಂಚು, ಮುರಕಲ್ಲಿನ ಗೋಡೆಗೆ ಸಿಮೆಂಟಿನ ಗಾರೆ. ಗಾಳಿಯಲ್ಲಿ ಸದ್ದಿನ ವೇಗವನ್ನು ಆ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ ಸುಮಾರು 50 ಬರುತ್ತದೆ. ಆ ಕೋಣೆ 50 ಹರ್ಟ್ಸ್‌ನಲ್ಲಿ ತಾನೂ ಮೊಳಗುತ್ತದೆ ಎಂದರ್ಥ. ಮೊಳಗುವುದು ಗೋಡೆಯ ಬಳಿಯಲ್ಲಿ. ಕೋಣೆಯ ನಟ್ಟ ನಡುವೆ ಅದೇ ಸ್ವರ ಮಾಯ, ಅದರ ಬದಲು 100ರದ್ದು ಗುಮ್ಮೆನ್ನುತ್ತದೆ. ನಾನು ಮೊದಲು ಮೇಜು ಇಟ್ಟುಕೊಂಡದ್ದು ನಟ್ಟ ನಡುವೆ, ಫ್ಯಾನಿನ ಅಡಿಯಲ್ಲಿ. ಬಾಸ್ ಕೇಳುವುದಿಲ್ಲವೆಂದು ಏರಿಸಿದ್ದೇ ಏರಿಸಿದ್ದು. ಕಾರಿನಲ್ಲಿ ಹಾಕಿದರೆ ಕನ್ನಡಿ ನಡುಗಿತು. ಮೇಜನ್ನು ಮುಂದಿನ ಗೋಡೆಯ ಕಡೆಗೆ, ಉದ್ದದ ಮೂರನೇ ಒಂದು ಭಾಗದಲ್ಲಿ ಇಟ್ಟ ಮೇಲೆ ಅರ್ಧ ಸರಿಯಾಯಿತು. ಉಳಿದರ್ಧವನ್ನು ಸರಿಮಾಡಿದ್ದು ಅಪ್ಪ, ಗೊತ್ತಿಲ್ಲದೆ. ಕೆಳಗೆ ಜಾಗ ಇಲ್ಲವೆಂದು ಹಳೆ ಅಡಿಕೆಯ ಗೋಣಿಗಳನ್ನು ನನ್ನ ಕೋಣೆಯ ಎರಡು ಮೂಲೆಗಳಲ್ಲಿ ಮಾಡಿನವರೆಗೆ ಪೇರಿಸಿದರು. ಕೆಳಸ್ವರಗಳು ಗುಡ್ಡೆ ಬೀಳುವುದು ಮೂಲೆಯಲ್ಲಿಯೇ. ಗೋಣಿಯ ನಾರು, ಅಡಿಕೆಗಳ ಎಡೆಯ ಸಂದು ಎಲ್ಲ ಸೇರಿ ಅದನ್ನು ಒಂದಷ್ಟು ನುಂಗಿತು. ಸ್ಟುಡಿಯೋದವರು ಸಾವಿರಗಟ್ಟಲೆ ಕೊಟ್ಟು ಕಟ್ಟಿಸುವ ಬಾಸ್ ಟ್ರ್ಯಾಪ್ ನನಗೆ ಪುಕ್ಕಟೆ.

ಜನವರಿಯಲ್ಲಿ ಮಿಕ್ಸಿಂಗ್ ಮುಗಿಯಿತು ಎನ್ನುವಾಗ ಒಂದು ಸಂಜೆ ಸೊಸೈಟಿಯಿಂದ ಬಂದು ಕೇಳಿದರೆ ಬಾಸ್ ಪುನಃ ಗುಮ್ಮೆನ್ನುತ್ತಿತ್ತು. ಒಂದು ತಿರುಪನ್ನೂ ಮುಟ್ಟಿರಲಿಲ್ಲ. ಕೇಬಲ್ ನೋಡಿದೆ, ಪ್ಲಗಿನ್ ನೋಡಿದೆ, ಕಿವಿಗೆ ಎಣ್ಣೆ ಬಿಟ್ಟುಕೊಂಡೆ. ತಿರುಗಿ ನೋಡಿದರೆ ಮೂಲೆ ಖಾಲಿ. ರೇಟು ಏರಿತೆಂದು ಅಪ್ಪ ಬೆಳಗ್ಗೆಯೇ ಪಿಕಪ್ ವಾಹನ ತರಿಸಿ ಅಡಿಕೆ ಸಾಗಿಸಿಬಿಟ್ಟಿದ್ದರು. ನನ್ನ ಮುಖ ನೋಡಿ ಅವರು, ಯಾಕೆ, ನಿನಗೆ ಇನ್ನೂ ಏರುತ್ತದೆಂದು ಸುದ್ದಿ ಬಂದಿತ್ತಾ ಎಂದು ಕೇಳಿದರು.

ತಗಡು ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದ ಕಛೇರಿಗೆ ಸಂಬಳದ ದುಡ್ಡಲ್ಲಿ ಟಿಕೇಟು ತೆಗೆದು ಹೋಗಿದ್ದವ ನಾನು, ಹುಚ್ಚು ಹತ್ತಿದ್ದು ಅದಕ್ಕೂ ಮೊದಲೇ. ಈ ಸಂಗೀತದ ಬುಡಕ್ಕೆ ಹೋದರೆ ಬ್ಲ್ಯಾಕ್ ಸಬಾತ್ ತಂಡದ ಗಿಟಾರು ವಾದಕ ಟೋನಿ ಅಯೋಮಿ ಸಿಗುತ್ತಾರೆ. 1965ರಲ್ಲಿ, 17ರ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮಿನ ಒಂದು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮುಂದೆ ತಂತಿಯನ್ನೂ ಸಡಿಲಿಸಿ ಇಳಿಸಿದರು. ಆ ಇಳಿಸಿದ ತಂತಿಯ ಭಾರವೇ ಇವತ್ತಿನವರೆಗೆ ನಡೆದು ಬಂದದ್ದು. ಆ ಕಾರ್ಖಾನೆಯಲ್ಲಿ ಮಾಡುತ್ತಿದ್ದ ಕೆಲಸ ಯಾವುದು ಗೊತ್ತೇ? ತಗಡಿನ ಕೆಲಸ. ಹಿರಿಯರ ಪತ್ರ ಅಷ್ಟರ ಮಟ್ಟಿಗೆ ಚರಿತ್ರೆಗೆ ಸರಿಯಾಗಿಯೇ ಇದೆ.

ಹೊಸ ತುಣುಕನ್ನು ಮೊದಲು ಕೇಳಿಸಿದ್ದು ಮಗಳ ಫೋನಿನ ಚಿಕ್ಕ ಸ್ಪೀಕರಿನಲ್ಲಿ. ಎಡಬಲ ಒಂದಾಗಿಯೂ ಗಿಟಾರು ಮಾಯವಾಗಲಿಲ್ಲ. ಹಳೆಯದ್ದನ್ನು ಕೇಳಿ ‘ಮಗಾ, ಮಿಕ್ಸಿ ಹಾಳಾತೋ?’ ಎಂದಿದ್ದ ಅಮ್ಮ ಈ ಸಲ ಅಡಿಗೆಮನೆಯಿಂದ ಹೊರಬಂದು ಪೂರ್ತಿ ಕೇಳಿದರು. ‘ಈಗ ಗ್ರೈಂಡರಿನ ಹಾಂಗೆ ಕೇಳ್ತು’ ಎಂದರು. ನಮ್ಮ ಮನೆಯಲ್ಲಿ ಇದು ಬಡ್ತಿ.

ದೂರು ಬರೆದ ಹಿರಿಯರು ಈ ಪತ್ರ ಓದಿದರೆ, ಒಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬರಬೇಕೆಂದು ಕೋರಿಕೆ. ವಿಳಾಸವನ್ನು ನಿಮ್ಮ ಕಚೇರಿಗೆ ಬೇರೆ ಕಾಗದದಲ್ಲಿ ಕಳಿಸಿದ್ದೇನೆ. ಹೊಸ ಅಡಿಕೆ ಒಣಗಿ ಮೊನ್ನೆಯಷ್ಟೇ ಮೂಲೆ ಸೇರಿದೆ, ಕೋಣೆ ಸದ್ಯಕ್ಕೆ ಸರಿಯಾಗಿ ಕೇಳುತ್ತದೆ. ಆದಷ್ಟು ಬೇಗ ಬಂದರೆ ಒಳ್ಳೆಯದು. ಅಪ್ಪ ದಿನಾ ಬೆಳಗ್ಗೆ ನಿಮ್ಮ ಪತ್ರಿಕೆಯಲ್ಲಿ ಮೊದಲು ನೋಡುವುದು ಧಾರಣೆಯ ಪುಟ.

ಇತಿ ನಿಮ್ಮ ಓದುಗ,
ಬದಿಯಡ್ಕ, ಕಾಸರಗೋಡು
(ಹೆಸರು ಹಾಕಬೇಡಿ, ಸೊಸೈಟಿಯಲ್ಲಿ ಗೊತ್ತಾದರೆ ಮಾರ್ಚ್ ಮುಗಿಯುವವರೆಗೆ ನಗುತ್ತಾರೆ.)